ಶಂಕೆಯೂ ಉತ್ಸಾಹವೂ: ಪ್ರಣಯ-ಕೌತುಕ ಕಾದಂಬರಿಯ ಧೀರನಾಯಿಕೆ

ಆಂಗ್ಲರು ‘ರೊಮ್ಯಾಂಟಿಕ್ ಸಸ್ಪೆನ್ಸ್’ ಎಂದು ಕರೆಯುವ ಕಾದಂಬರಿಪ್ರಕಾರವೊಂದುಂಟು. ಪ್ರಣಯವೂ ಪ್ರಾಣಭಯವೂ ಅದರಲ್ಲಿ ಒಂದೇ ಕಥಾಸೂತ್ರದಲ್ಲಿ ಹೆಣೆದುಕೊಂಡಿರುತ್ತವೆ. ಒಬ್ಬ ತರುಣಿ ತಾನು ಅರಿಯದ ಊರಿಗೆ ಹೋಗುತ್ತಾಳೆ; ಅಲ್ಲಿ ಒಂದು ಅಪರಾಧದ ಸುಳಿಗೆ ಸಿಕ್ಕುತ್ತಾಳೆ; ಒಬ್ಬ ಪುರುಷನಲ್ಲಿ ಅನುರಕ್ತಳಾಗುತ್ತಾಳೆ; ಆ ಪುರುಷನು ರಕ್ಷಕನೋ ಘಾತಕನೋ ಎಂಬುದು ಅವಳಿಗೂ ನಮಗೂ ಬಹುಕಾಲ ತಿಳಿಯುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಪ್ರಕಾರವನ್ನು ‘ಪ್ರಣಯ-ಕೌತುಕ ಕಾದಂಬರಿ’ ಎಂದು ಕರೆದಿದೆ. ನಮ್ಮ ಕಾಲೇಜುಗಳಲ್ಲಿ ಇದು ಪಠ್ಯವಲ್ಲ. ತರಗತಿಯಲ್ಲಿ ಜಾರ್ಜ್ ಎಲಿಯಟ್ಟಳನ್ನೂ ಹಾರ್ಡಿಯನ್ನೂ ಓದುವ ವಿದ್ಯಾರ್ಥಿಗಳು ಬಾಡಿಗೆಯ ಪುಸ್ತಕಾಲಯದಿಂದ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸುವ ಪುಸ್ತಕ ಇದು. ಅಧ್ಯಾಪಕರೂ ಓದುವುದುಂಟು, ಆದರೆ ಹೇಳಿಕೊಳ್ಳುವುದಿಲ್ಲ. ಹೀಗೆ ಬಹುಜನರು ಆಸೆಪಟ್ಟು ಓದುವ ಸಾಹಿತ್ಯವು ಯಾವ ರೀತಿಯಲ್ಲಿ ಕೆಲಸಮಾಡುತ್ತದೆ ಎಂದು ವಿಚಾರಿಸುವುದು ವಿಮರ್ಶೆಗೆ ಹೊರತಾದ ಕಾರ್ಯವೇನೂ ಅಲ್ಲ. ಇಂಥ ಕಾದಂಬರಿಗಳೆಲ್ಲವನ್ನೂ ಸಮರ್ಥಿಸುವ ಉದ್ದೇಶ ಇಲ್ಲಿಲ್ಲ. ಅವುಗಳಲ್ಲಿ ಬಹುಪಾಲು ಮರೆಯಾಗಿರುವುದು ನ್ಯಾಯವಾಗಿಯೇ ಇದೆ. ಆದರೆ ಈ ಪ್ರಕಾರದ ಉತ್ತಮ ಕೃತಿಗಳಲ್ಲಿ ನಾಯಿಕೆಯು ಭೀತಳಾದ ಅಬಲೆಯಲ್ಲ. ಅವಳು ಕಾರು ನಡೆಸಬಲ್ಲಳು, ಗಾಯಕ್ಕೆ ಕಟ್ಟು ಕಟ್ಟಬಲ್ಲಳು, ಇರುಳಿನಲ್ಲಿ ಸಮುದ್ರವನ್ನು ಈಜಬಲ್ಲಳು. ಇಷ್ಟು ಸಮರ್ಥಳಾದವಳ ಕಥೆಯಲ್ಲಿ ಕೌತುಕವು ಹೇಗೆ ಉಳಿಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಇಟ್ಟರೆ ಅದರ ತೊಡಕು ಸ್ಪಷ್ಟವಾಗುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಬಂದ ಮೇಲೆ ರಸವಿಚಾರವು ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ವೀರಕ್ಕೂ ಭಯಾನಕಕ್ಕೂ ಪರಸ್ಪರ ವಿರೋಧವುಂಟೆಂದೂ, ಅವೆರಡೂ ಒಂದೇ ಆಶ್ರಯದಲ್ಲಿ, ಎಂದರೆ ಒಬ್ಬನೇ ವ್ಯಕ್ತಿಯಲ್ಲಿ, ನಿಂತರೆ ರಸಭಂಗವಾಗುವುದೆಂದೂ ಆನಂದವರ್ಧನನು ಹೇಳುತ್ತಾನೆ. ಅವನು ಸೂಚಿಸುವ ಪರಿಹಾರವೂ ಸರಳವಾದುದು: ಉತ್ಸಾಹವನ್ನು ನಾಯಕನಲ್ಲಿಯೂ ಭಯವನ್ನು ಪ್ರತಿನಾಯಕನಲ್ಲಿಯೂ ಇಡಬೇಕು. ಪ್ರಣಯ-ಕೌತುಕ ಕಾದಂಬರಿಗೆ ಈ ಪರಿಹಾರವು ದಕ್ಕುವುದಿಲ್ಲ. ಅಲ್ಲಿ ಅಪಾಯಕ್ಕೆ ಗುರಿಯಾಗುವವಳೂ ಅಪಾಯವನ್ನು ಎದುರಿಸುವವಳೂ ಒಬ್ಬಳೇ. ಅದರ ಮೇಲೆ ಪ್ರೀತಿಸುವವಳೂ ಅವಳೇ. ಅವಳು ಹೆದರದಿದ್ದರೆ ಕಥೆ ನಡೆಯದು. ಬರಿಯ ಹೆದರಿಕೆಯೇ ಆದರೆ ಅವಳು ಧೀರಳಾಗಲಾರಳು.

ಹಿಂದಿನ ಶತಮಾನಗಳ ಕಾದಂಬರಿಕಾರರು ಈ ತೊಡಕನ್ನು ಬಿಡಿಸಲಿಲ್ಲ, ಬಗೆಬಗೆಯಾಗಿ ತಪ್ಪಿಸಿಕೊಂಡರು. ಆನ್ ರ‍್ಯಾಡ್‌ಕ್ಲಿಫ್ ೧೭೯೪ರಲ್ಲಿ ಪ್ರಕಟಿಸಿದ ‘ದ ಮಿಸ್ಟರೀಸ್ ಆಫ್ ಯುಡಾಲ್ಫೊ’ ಕೃತಿಯ ಎಮಿಲಿಯಲ್ಲಿ ಭಯವೇ ಸ್ಥಾಯಿ. ಅಪೆನೈನ್ ಪರ್ವತಗಳ ದುರ್ಗದಲ್ಲಿ ಕರಿಯ ತೆರೆಯನ್ನು ಸರಿಸಿ ನೋಡುವಷ್ಟು ಕುತೂಹಲ ಅವಳಿಗುಂಟು; ನೋಡಿದೊಡನೆ ಮೂರ್ಛೆ ಹೋಗುತ್ತಾಳೆ. ತೆರೆಯ ಹಿಂದೆ ಇದ್ದುದು ಮೇಣದ ಗೊಂಬೆ ಎಂಬುದು ನಮಗೆ ನೂರಾರು ಪುಟಗಳ ಅನಂತರ ತಿಳಿಯುತ್ತದೆ. ಇಲ್ಲಿ ಕೌತುಕವು ಅಜ್ಞಾನದಿಂದ ಹುಟ್ಟಿದೆ. ಅಜ್ಞಾನವನ್ನು ಉಳಿಸಿಕೊಳ್ಳಲು ನಾಯಿಕೆಯ ಎಚ್ಚರವನ್ನೇ ತಪ್ಪಿಸಬೇಕಾಗಿದೆ.

ವಿಲ್ಕಿ ಕಾಲಿನ್ಸನ ‘ದ ವುಮನ್ ಇನ್ ವೈಟ್’ ಹೆಚ್ಚು ಸ್ವಾರಸ್ಯವಾದ ನಿದರ್ಶನ. ೧೮೫೯-೬೦ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯಲ್ಲಿ ಮೇರಿಯನ್ ಹಾಲ್ಕಂಬ್ ಎಂಬವಳು ನಿಜವಾದ ಧೀರೆ. ದುಷ್ಟರಿಬ್ಬರ ಒಳಸಂಚನ್ನು ಕೇಳಲೋಸುಗ ಅವಳು ರಾತ್ರಿಯಲ್ಲಿ ಭಾರವಾದ ಉಡುಪನ್ನು ಕಳಚಿಟ್ಟು ಮೊಗಸಾಲೆಯ ಮಾಡಿನ ಮೇಲೆ ನಡೆದುಹೋಗಿ, ಮಳೆಯಲ್ಲಿ ನೆನೆಯುತ್ತ ಕುಳಿತು ಕಿವಿಗೊಡುತ್ತಾಳೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಸಾಹಸದ ಕಾರ್ಯವನ್ನು ಯಾವ ಪುರುಷನೂ ಮಾಡುವುದಿಲ್ಲ. ಆದರೆ ಕಾಲಿನ್ಸನು ಈ ಸಾಹಸಕ್ಕೆ ಎರಡು ದಂಡಗಳನ್ನು ವಿಧಿಸಿದ್ದಾನೆ. ಮೊದಲನೆಯದಾಗಿ, ನೆನೆದುದರ ಫಲವಾಗಿ ಅವಳು ಜ್ವರದಿಂದ ಮಲಗುತ್ತಾಳೆ, ಅವಳ ದಿನಚರಿಯು ಶತ್ರುವಾದ ಕೌಂಟ್ ಫಾಸ್ಕೊವಿನ ಕೈಗೆ ಸಿಕ್ಕಿ, ಅವನು ಅದರಲ್ಲಿ ತನ್ನ ಮೆಚ್ಚುಗೆಯನ್ನೂ ಬರೆದಿಡುತ್ತಾನೆ. ಎರಡನೆಯದು ಇನ್ನೂ ಕ್ರೂರವಾದುದು. ಅವಳ ನಿಲುವು ಸುಂದರ, ಮುಖ ಮಾತ್ರ ಕುರೂಪ ಎಂದು ಮೊದಲಲ್ಲಿಯೇ ಹೇಳಿ, ಪ್ರಣಯದ ಬಾಗಿಲನ್ನು ಅವಳಿಗೆ ಮುಚ್ಚಿಬಿಟ್ಟಿದ್ದಾನೆ. ಪ್ರೀತಿಯು ಅವಳ ಸೋದರಿ ಲಾರಾಳ ಪಾಲಿಗೆ. ಧೈರ್ಯವು ಮೇರಿಯನ್ನಳ ಪಾಲಿಗೆ. ಒಬ್ಬಳಲ್ಲಿ ಇರಬೇಕಾದುದನ್ನು ಇಬ್ಬರಿಗೆ ಹಂಚಿದ್ದರಿಂದ ಆ ಕಾಲದ ಓದುಗರಿಗೆ ಸಮಾಧಾನವಾಯಿತು. ವಿರೋಧವು ಹಾಗೆಯೇ ಉಳಿಯಿತು. ಮುಂದೆ ೧೯೩೮ರಲ್ಲಿ ಡ್ಯಾಫ್ನೆ ದು ಮೊರಿಯೇ ಬರೆದ ‘ರೆಬೆಕ್ಕಾ’ ಕಾದಂಬರಿಯಲ್ಲಿ ಕಥೆ ಹೇಳುವವಳಿಗೆ ಹೆಸರು ಕೂಡ ಇಲ್ಲ. ಅದು ಶ್ರೇಷ್ಠ ಕೃತಿಯೇ. ಆದರೆ ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರವನ್ನು ಕಂಡುಕೊಂಡವರು ಮೇರಿ ಸ್ಟುವರ್ಟ್ (೧೯೧೬-೨೦೧೪) ಎಂದು ನನ್ನ ಅಭಿಪ್ರಾಯ. ಸಂಡರ್ಲೆಂಡಿನಲ್ಲಿ ಹುಟ್ಟಿ, ಡರ್ಹಮ್ ವಿಶ್ವವಿದ್ಯಾನಿಲಯದಲ್ಲಿ ಓದಿ ಅಲ್ಲಿಯೇ ಅಧ್ಯಾಪಕಿಯಾಗಿದ್ದ ಈಕೆ ಮೊದಲನೆಯ ಕಾದಂಬರಿಯಾದ ‘ಮ್ಯಾಡಮ್, ವಿಲ್ ಯು ಟಾಕ್?’ ಎಂಬುದನ್ನು ೧೯೫೫ರಲ್ಲಿ ಪ್ರಕಟಿಸಿದರು. ಈಗ ಅನೇಕರು ಇವರನ್ನು ಬಲ್ಲುದು ೧೯೭೦ರಲ್ಲಿ ಆರಂಭವಾದ ಮರ್ಲಿನ್ ಮಾಲಿಕೆಯಿಂದ. ಆದರೆ ಇವರ ನಿಜವಾದ ಹೊಸತನವು ಮೊದಲ ಹತ್ತು ವರ್ಷಗಳ ಕಾದಂಬರಿಗಳಲ್ಲಿದೆ.

‘ಮ್ಯಾಡಮ್, ವಿಲ್ ಯು ಟಾಕ್?’ ಕೃತಿಯ ನಾಯಿಕೆ ಚಾರಿಟಿ ಸೆಲ್ಬೋರ್ನ್ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಯುವತಿ. ಗೆಳತಿಯೊಡನೆ ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ನಗರಕ್ಕೆ ವಿಹಾರಕ್ಕಾಗಿ ಬಂದಿದ್ದಾಳೆ. ಅಲ್ಲಿ ಡೇವಿಡ್ ಎಂಬ ಬಾಲಕನ ಪರಿಚಯವಾಗುತ್ತದೆ. ಅವನ ತಂದೆ ರಿಚರ್ಡ್ ಬೈರನ್ ಕೊಲೆಗಾರನೆಂಬ ಅಪವಾದವನ್ನು ಹೊತ್ತವನು. ಮಗನನ್ನು ಹುಡುಕುತ್ತ ಬರುತ್ತಿದ್ದಾನೆ. ಬಾಲಕನನ್ನು ಕಾಪಾಡಬೇಕೆಂಬ ಸಂಕಲ್ಪದಿಂದ ಚಾರಿಟಿ ಆ ಮನುಷ್ಯನ ಕಣ್ಣು ತಪ್ಪಿಸಿ, ಪ್ರೊವಾನ್ಸಿನ ರಸ್ತೆಗಳಲ್ಲಿ ತನ್ನ ಕಾರನ್ನು ಓಡಿಸುತ್ತಾಳೆ. ಅವನು ಬೆನ್ನಟ್ಟುತ್ತಾನೆ. ಈ ಓಟದ ವರ್ಣನೆ ಪ್ರಸಿದ್ಧವಾದುದು, ಅದು ಯೋಗ್ಯವೂ ಆಗಿದೆ. ತಿರುವುಗಳನ್ನು ಅಳೆಯುವುದರಲ್ಲಿ, ವೇಗವನ್ನು ಇಳಿಸಿ ಏರಿಸುವುದರಲ್ಲಿ, ಕಾರನ್ನು ಮರೆಯಲ್ಲಿ ನಿಲ್ಲಿಸಿ ಬೆನ್ನಟ್ಟಿದವನನ್ನು ಮುಂದಕ್ಕೆ ಹೋಗಗೊಡುವುದರಲ್ಲಿ ಅವಳ ಕೈ ನಡುಗುವುದಿಲ್ಲ. ಈ ವಿದ್ಯೆಯನ್ನು ಅವಳಿಗೆ ಕಲಿಸಿದವನು ತೀರಿಹೋದ ಗಂಡ. ಓದುವವನು ಉಸಿರು ಬಿಗಿಹಿಡಿದು ಅವಳ ಗೆಲುವನ್ನು ಹಾರೈಸುತ್ತಾನೆ.

ಆದರೆ ಅವಳು ತಪ್ಪಿಸಿಕೊಂಡು ಓಡುತ್ತಿರುವುದು ನಿರಪರಾಧಿಯಿಂದ. ಕಥೆ ಅರ್ಧಕ್ಕೆ ಬಂದಾಗ ಬೈರನ್ ಕೊಲೆಗಾರನಲ್ಲವೆಂದೂ ಬಾಲಕನಿಗೆ ನಿಜವಾದ ಅಪಾಯವಿರುವುದು ಅವನನ್ನು ಇಟ್ಟುಕೊಂಡವರಿಂದಲೇ ಎಂದೂ ತಿಳಿಯುತ್ತದೆ. ಚಾರಿಟಿಯ ಕೌಶಲದಲ್ಲಿ ಕೊರತೆಯಿರಲಿಲ್ಲ, ಅವಳ ಉದ್ದೇಶದಲ್ಲಿಯೂ ಕೊರತೆಯಿರಲಿಲ್ಲ. ಅವೆರಡೂ ಹೊರಟ ದಿಕ್ಕು ಬೇರೆಯಾಗಿತ್ತು. ಮೇರಿ ಸ್ಟುವರ್ಟರ ಮರ್ಮ ಇಲ್ಲಿದೆ. ಇವರ ಕಥೆಗಳಲ್ಲಿ ‘ಇವಳಿಂದ ಆದೀತೇ?’ ಎಂಬ ಪ್ರಶ್ನೆಯು ಗೌಣ. ‘ಯಾರ ಪರವಾಗಿ, ಯಾರ ವಿರುದ್ಧವಾಗಿ?’ ಎಂಬುದು ಮುಖ್ಯ. ರಸಪರಿಭಾಷೆಯಲ್ಲಿ ಹೇಳುವುದಾದರೆ, ಭಯವನ್ನು ಸ್ಥಾಯಿಯ ಪೀಠದಿಂದ ಇಳಿಸಿ, ಅದರ ಕಾರ್ಯವನ್ನು ಶಂಕೆ ಎಂಬ ವ್ಯಭಿಚಾರಿಭಾವಕ್ಕೆ ವಹಿಸಿದ್ದಾರೆ. ಭಯಕ್ಕೂ ಉತ್ಸಾಹಕ್ಕೂ ಒಂದೇ ಆಶ್ರಯದಲ್ಲಿ ಸ್ನೇಹವಾಗದು. ಶಂಕೆಗೂ ಉತ್ಸಾಹಕ್ಕೂ ಅಂಥ ವೈರವೇನಿಲ್ಲ. ಶಂಕಿಸುವವನು ಧೀರನಾಗಿಯೇ ಶಂಕಿಸಬಹುದು. ಅದಕ್ಕಿಂತ ಮುಖ್ಯವಾಗಿ, ಶಂಕೆಯು ಶೃಂಗಾರಕ್ಕೆ ಹಗೆಯಲ್ಲ. ವಿಪ್ರಲಂಭದಲ್ಲಿ ಬರುವ ವ್ಯಭಿಚಾರಿಗಳಲ್ಲಿ ಭರತನು ಅದನ್ನು ಎಣಿಸಿಯೇ ಇದ್ದಾನೆ. ರತಿ, ಉತ್ಸಾಹ, ಶಂಕೆ ಈ ಮೂರೂ ಒಬ್ಬಳಲ್ಲಿಯೇ ಕೂಡಿ ನಿಲ್ಲಲು ಹೀಗೆ ಎಡೆಯಾಯಿತು. ಡರ್ಹಮ್ಮಿನ ಅಧ್ಯಾಪಕಿ ನಮ್ಮ ಲಾಕ್ಷಣಿಕರನ್ನು ಓದಿ ಬರೆದರೆಂದು ನಾವು ಹೇಳುತ್ತಿಲ್ಲ; ಕೃತಿಯ ರಚನೆಯನ್ನು ಕಾಣಲು ಈ ಕನ್ನಡಿ ಅನುಕೂಲವಾಗಿದೆ, ಅಷ್ಟೆ.

ಇದೇ ವಿನ್ಯಾಸವು ಇನ್ನೂ ಆಳವಾಗಿ ಕಾಣುವುದು ೧೯೫೮ರ ‘ನೈನ್ ಕೋಚಸ್ ವೇಟಿಂಗ್’ ಕೃತಿಯಲ್ಲಿ. ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯುತ್ತಮ ಕಾದಂಬರಿ ಇದು. ಲಿಂಡಾ ಮಾರ್ಟಿನ್ ತಂದೆತಾಯಿಗಳಿಲ್ಲದ ಹುಡುಗಿ. ಫ್ರಾನ್ಸಿನ ಸವಾಯ್ ಪರ್ವತಪ್ರದೇಶದ ಕೋಟೆಮನೆಯೊಂದಕ್ಕೆ ಒಂಬತ್ತು ವರ್ಷದ ಬಾಲಕ ಫಿಲಿಪ್ಪನ ಶಿಕ್ಷಕಿಯಾಗಿ ಬರುತ್ತಾಳೆ. ಮನೆಯವರಿಗೆ ಬೇಕಾಗಿದ್ದುದು ಫ್ರೆಂಚ್ ಬಾರದ ಇಂಗ್ಲಿಷಿನವಳು. ಲಿಂಡಾಳಿಗೆ ಫ್ರೆಂಚ್ ತಾಯಿನುಡಿಯಷ್ಟೇ ಚೆನ್ನಾಗಿ ಬರುತ್ತದೆ. ಉದ್ಯೋಗದ ಆಸೆಯಿಂದ ಅದನ್ನು ಮುಚ್ಚಿಟ್ಟಿದ್ದಾಳೆ. ಆಸ್ತಿಗೆ ಒಡೆಯನಾಗಬೇಕಾದ ಆ ಮಗುವನ್ನು ಕೊಲ್ಲಲು ಮನೆಯಲ್ಲಿಯೇ ಸಂಚು ನಡೆದಿದೆ ಎಂಬುದು ಅವಳಿಗೆ ತಿಳಿಯುತ್ತದೆ. ಸಂಚುಗಾರನು ಗಾಲಿಕುರ್ಚಿಯಲ್ಲಿ ಕುಳಿತೇ ಎಲ್ಲರನ್ನೂ ಆಳುವ ಲೆಯೋನ್ ದ ವಾಲ್ಮಿ. ಅವಳು ಪ್ರೀತಿಸುತ್ತಿರುವುದು ಅವನ ಮಗ ರಾವೂಲನನ್ನು.

ಇಲ್ಲಿ ಲಿಂಡಾ ಏನು ಮಾಡುತ್ತಾಳೆ? ಸಾಮಾನ್ಯ ಪ್ರಣಯಕಾದಂಬರಿಯ ನಾಯಿಕೆಯಾಗಿದ್ದರೆ ಪ್ರಿಯನಲ್ಲಿಗೆ ಓಡಿ ಮೊರೆಯಿಡುತ್ತಿದ್ದಳು. ಅವನು ನಿರಪರಾಧಿಯೆಂದು ಅವಳ ಹೃದಯವೇ ಹೇಳಿಬಿಡುತ್ತಿತ್ತು. ಲಿಂಡಾಳ ಹೃದಯವೂ ಹಾಗೆಯೇ ಹೇಳುತ್ತದೆ. ಆದರೆ ಹೃದಯವು ಹೇಳಿದ್ದು ಸುಳ್ಳಾದರೆ ಸಾಯುವುದು ಅವಳಲ್ಲ, ಮಗು. ಆದ್ದರಿಂದ ಪ್ರಿಯನಿಗೆ ಒಂದು ಮಾತನ್ನೂ ತಿಳಿಸದೆ, ಅರ್ಧರಾತ್ರಿಯಲ್ಲಿ ಫಿಲಿಪ್ಪನನ್ನು ಕರೆದುಕೊಂಡು ಕಾಡಿನ ದಾರಿಯಲ್ಲಿ ಹೊರಟುಬಿಡುತ್ತಾಳೆ. ಕೊನೆಗೆ ರಾವೂಲನು ನಿರ್ದೋಷಿಯೆಂದು ಗೊತ್ತಾಗುತ್ತದೆ. ಗೊತ್ತಾದಾಗ ಅವನಿಗೆ ಆಗುವುದು ಸಂತೋಷವಲ್ಲ, ನೋವು: ತನ್ನನ್ನು ಪ್ರೀತಿಸಿದವಳೇ ತನ್ನನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸಿದಳಲ್ಲ ಎಂಬ ನೋವು. ಮೇರಿ ಸ್ಟುವರ್ಟ್ ಈ ನೋವನ್ನು ಕೃತಕವಾಗಿ ಒರಸಿಹಾಕುವುದಿಲ್ಲ. ಲಿಂಡಾ ತಪ್ಪು ಮಾಡಿದಳೆಂದು ನಮಗೆ ಎಲ್ಲಿಯೂ ಅನ್ನಿಸುವುದಿಲ್ಲ. ಅವಳಿಗಿದ್ದ ತಿಳಿವಳಿಕೆಯಲ್ಲಿ ಮಾಡಬೇಕಾಗಿದ್ದುದು ಅದೊಂದೇ. ಧೈರ್ಯವೆಂದರೆ ಕಾಡನ್ನು ಇರುಳಿನಲ್ಲಿ ದಾಟುವುದಲ್ಲ. ಪ್ರೀತಿಯ ಸಾಕ್ಷ್ಯವನ್ನು ಸಾಕ್ಷ್ಯವೆಂದು ಒಪ್ಪದಿರುವುದು. ‘ಜೇನ್ ಐರ್’ (೧೮೪೭) ಓದಿದವರಿಗೆ ಈ ಕಥೆಯ ವಂಶಾವಳಿಯು ಕೂಡಲೇ ಹೊಳೆಯುತ್ತದೆ; ಲಿಂಡಾ ಕೂಡ ಅದನ್ನು ಬಲ್ಲವಳೇ. ಆದರೆ ಜೇನ್ ಮನೆಬಿಟ್ಟು ಹೋದದ್ದು ತನ್ನ ಆತ್ಮಗೌರವವನ್ನು ಉಳಿಸಿಕೊಳ್ಳುವುದಕ್ಕಾಗಿ. ಲಿಂಡಾ ಹೋದದ್ದು ಇನ್ನೊಬ್ಬರ ಜೀವವನ್ನು ಉಳಿಸುವುದಕ್ಕಾಗಿ.

ಸಾಮರ್ಥ್ಯದ ಮೂಲವನ್ನು ಕುರಿತು ಒಂದು ಮಾತು. ಮೇರಿ ಸ್ಟುವರ್ಟರ ನಾಯಿಕೆಯರಲ್ಲಿ ಹುಟ್ಟುಗುಣವಾಗಿ ಬಂದ ಅಸಾಧಾರಣ ಶಕ್ತಿಯಿಲ್ಲ. ಇರುವುದೆಲ್ಲ ಕಲಿತದ್ದು, ಕಲಿಯಬಹುದಾದದ್ದು. ‘ಏರ್ಸ್ ಅಬವ್ ದ ಗ್ರೌಂಡ್’ (೧೯೬೫) ಕೃತಿಯ ವನೆಸ್ಸಾ ಮಾರ್ಚ್ ಪಶುವೈದ್ಯ ಪದವೀಧರೆ. ಆಸ್ಟ್ರಿಯದ ಹಳ್ಳಿಯಲ್ಲಿ ಬೀಡುಬಿಟ್ಟ ಸರ್ಕಸ್ಸಿನ ಮುದಿಕುದುರೆಯೊಂದರ ಕಾಲಿಗೆ ಅವಳು ಶಸ್ತ್ರಚಿಕಿತ್ಸೆ ಮಾಡುವ ಪ್ರಸಂಗವನ್ನು ಓದಬೇಕು. ಅವಳಿಗೆ ಆ ಕಂಪನಿಯಲ್ಲಿ ಸಲ್ಲುವ ಗೌರವ ಬಂದದ್ದು ರೂಪದಿಂದಲ್ಲ, ಈ ಕೆಲಸದಿಂದ. ಕಥೆಯ ರಹಸ್ಯವು ಬಿಚ್ಚಿಕೊಳ್ಳುವುದೂ ಆ ಕುದುರೆಯ ಮೂಲಕವೇ. ಈ ಕೃತಿಯಲ್ಲಿ ಇನ್ನೊಂದು ಹೊಸತನವಿದೆ. ವನೆಸ್ಸಾ ಆಗಲೇ ಮದುವೆಯಾದವಳು. ಸ್ವೀಡನ್ನಿನಲ್ಲಿ ಇದ್ದೇನೆಂದು ಹೇಳಿ ಹೋದ ಗಂಡನು ಆಸ್ಟ್ರಿಯದ ಸುದ್ದಿಚಿತ್ರವೊಂದರಲ್ಲಿ ಕಾಣಿಸಿಕೊಂಡಾಗ ಅವಳ ಶಂಕೆಗೆ ಮೊದಲಾಗುತ್ತದೆ. ಶಂಕೆಯು ಕನ್ಯೆಯರ ಸೊತ್ತಲ್ಲವೆಂಬುದನ್ನು ಇಷ್ಟು ಸಹಜವಾಗಿ ತೋರಿಸಿದ ಕಥೆಗಳು ಕಡಮೆ.

‘ದ ಮೂನ್-ಸ್ಪಿನ್ನರ್ಸ್’ (೧೯೬೨) ಕಾದಂಬರಿಯ ನಿಕೊಲಾ ಫೆರಿಸ್ ಅಥೆನ್ಸಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುವವಳು. ಕ್ರೀಟ್ ದ್ವೀಪದ ಬೆಟ್ಟದಲ್ಲಿ ಗುಂಡೇಟು ತಿಂದ ಅಪರಿಚಿತನಿಗೆ ಇರುಳೆಲ್ಲ ಶುಶ್ರೂಷೆ ಮಾಡುತ್ತಾಳೆ. ಬೆಳಗಾದ ಮೇಲೆ ಅವನು, ಇನ್ನು ಇದರಲ್ಲಿ ನೀನು ಕೈಹಾಕಬೇಡ, ಹೋಗಿಬಿಡು ಎನ್ನುತ್ತಾನೆ. ಅವನ ಮಾತಿನಲ್ಲಿ ಸದುದ್ದೇಶವಿದೆ. ಅವಳು ಹೋಗುವಂತೆ ತೋರಿಸಿ ಹೋಗದಿರುವುದರಲ್ಲಿ ಕಥೆಯಿದೆ. ೧೯೬೪ರಲ್ಲಿ ಡಿಸ್ನಿ ಸಂಸ್ಥೆಯವರು ಹೇಲಿ ಮಿಲ್ಸಳನ್ನು ಹಾಕಿ ಈ ಕಥೆಯನ್ನು ಚಿತ್ರವಾಗಿಸಿದಾಗ ನಾಯಿಕೆಯ ವಯಸ್ಸನ್ನು ಇಳಿಸಿ, ಅವಳನ್ನು ತುಂಟ ಬಾಲಿಕೆಯನ್ನಾಗಿ ಮಾಡಿದರು. ಉದ್ಯೋಗಸ್ಥ ಹೆಣ್ಣಿನ ನಿರ್ಧಾರವು ಮಕ್ಕಳ ಹುಡುಗಾಟವಾಯಿತು. ಎಲ್ಲ ನಾಯಿಕೆಯರೂ ಎಲ್ಲದರಲ್ಲಿಯೂ ನಿಪುಣೆಯರೆಂದೂ ತಿಳಿಯಬಾರದು. ಡೆಲ್ಫಿಯ ಹಿನ್ನೆಲೆಯ ‘ಮೈ ಬ್ರದರ್ ಮೈಕೆಲ್’ ಕೃತಿಯ ಕಮಿಲಾ ಹೇವನ್ ಕಾರು ನಡೆಸುವ ರೀತಿಯು ನಗೆಗೆ ವಸ್ತುವಾಗಿದೆ. ಚಾರಿಟಿಯನ್ನು ಸೃಷ್ಟಿಸಿದ ಲೇಖನಿಯೇ ಕಮಿಲಾಳನ್ನೂ ಸೃಷ್ಟಿಸಿತೆಂಬುದು ಲೇಖಕಿಯ ವಿವೇಕಕ್ಕೂ ವಿನೋದಕ್ಕೂ ಸಾಕ್ಷಿ.

ಈ ಪ್ರಕಾರವನ್ನು ಕುರಿತ ಆಕ್ಷೇಪಗಳಲ್ಲಿ ಅತ್ಯಂತ ತೀಕ್ಷ್ಣವಾದುದು ಅಮೆರಿಕದ ಲೇಖಕಿ ಜೋಆನಾ ರಸ್ ೧೯೭೩ರಲ್ಲಿ ಬರೆದ ಪ್ರಬಂಧ. ‘ಯಾರೋ ನನ್ನನ್ನು ಕೊಲ್ಲಲು ಹವಣಿಸುತ್ತಿದ್ದಾರೆ, ಅವರು ನನ್ನ ಗಂಡನೇ ಇರಬೇಕು’ ಎಂಬ ಅರ್ಥದ ತಲೆಬರಹವೇ ಆಕೆಯ ವಾದದ ಅರ್ಧವನ್ನು ಹೇಳಿಬಿಡುತ್ತದೆ. ಆಕೆ ಪರೀಕ್ಷಿಸಿದುದು ಆ ದಿನಗಳಲ್ಲಿ ಅಗ್ಗದ ರಟ್ಟಿನಲ್ಲಿ ರಾಶಿಯಾಗಿ ಅಚ್ಚಾಗುತ್ತಿದ್ದ ‘ಆಧುನಿಕ ಗಾಥಿಕ್’ ಕಥೆಗಳನ್ನು. ಅವುಗಳ ನಾಯಿಕೆ ನಿಜವಾಗಿ ಏನನ್ನೂ ಮಾಡುವುದಿಲ್ಲ. ಗಂಡಸಿನ ಮುಖವನ್ನು ನೋಡಿ ಅವನ ಮನಸ್ಸನ್ನು ಊಹಿಸುವುದೊಂದೇ ಅವಳ ಉದ್ಯೋಗ. ಗೃಹಿಣಿಯು ದಿನವೂ ಮನೆಯಲ್ಲಿ ಮಾಡುವ ಈ ಕೆಲಸವನ್ನೇ ಸಾಹಸವೆಂದು ಬಣ್ಣಿಸಿ ಅವಳಿಗೆ ಮಾರುತ್ತಾರೆ ಎಂದು ಆಕೆಯ ವಾದ. ಆ ರಾಶಿಯ ವಿಷಯದಲ್ಲಿ ಇದು ಸರಿಯಾದ ಮಾತು. ಮೇರಿ ಸ್ಟುವರ್ಟರಿಗೆ ಇದನ್ನು ಅನ್ವಯಿಸಿದರೆ ಮಾತ್ರ ಒಂದು ಅಂಶ ತಪ್ಪಿಹೋಗುತ್ತದೆ. ಇವರ ಕಥೆಗಳಲ್ಲಿ ಮುಖವನ್ನು ಓದುವ ವಿದ್ಯೆ ಸೋಲುತ್ತದೆ. ಬೈರನ್ನನ ಮುಖದಲ್ಲಿ ಚಾರಿಟಿ ಕಂಡದ್ದು ಕ್ರೌರ್ಯ. ಅದು ನಿಜವಾಗಿ ಸಂಕಟ. ‘ದಿಸ್ ರಫ್ ಮ್ಯಾಜಿಕ್’ (೧೯೬೪) ಕೃತಿಯಲ್ಲಿ ಕಾರ್ಫು ದ್ವೀಪದ ನಯವಾದ ನೆರೆಯವನೇ ಘಾತಕ, ಸಿಡುಕಿನವನೇ ಸಜ್ಜನ. ನಟಿಯಾದ ಲೂಸಿ ವೇರಿಂಗ್ ಕೂಡ ನಟನೆಯನ್ನು ಗುರುತಿಸುವುದು ತಡವಾಗಿ. ಅಲ್ಲಿಂದ ಮುಂದಕ್ಕೆ ಉಳಿಯುವುದು ಕೈಕಾಲುಗಳ ಕೆಲಸ, ಕಣ್ಣಿಗೆ ಬಿದ್ದ ಸಂಗತಿಗಳನ್ನು ಕೂಡಿಸಿ ಕಳೆಯುವ ಬುದ್ಧಿಯ ಕೆಲಸ.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಪ್ರಣಯವು ಕೆಲವೇ ದಿನಗಳಲ್ಲಿ ಪಕ್ವವಾಗಿಬಿಡುವುದನ್ನು ನಂಬುವುದು ಕಷ್ಟ. ಗ್ರೀಸಿನ ಜನ ಆತಿಥ್ಯಶೀಲರಾದ ಹಳ್ಳಿಗರು, ಇಲ್ಲವೆ ಕಳ್ಳಸಾಗಣೆಯವರು. ವಿಹಾರಕ್ಕೆ ಬಂದ ಇಂಗ್ಲಿಷರ ದೃಷ್ಟಿಯ ಮಿತಿಯನ್ನು ಲೇಖಕಿ ದಾಟುವುದು ಅಪರೂಪ. ಎಲ್ಲಕ್ಕಿಂತ ಹೆಚ್ಚಾಗಿ, ಹಲವು ಕಾದಂಬರಿಗಳ ಕೊನೆಯ ದ್ವಂದ್ವಯುದ್ಧದಲ್ಲಿ ಮುಷ್ಟಿಯನ್ನು ಬೀಸುವವನು ಪುರುಷನೇ. ಅಲ್ಲಿಯವರೆಗೆ ತಾನೇ ಕಥೆಯನ್ನು ನಡೆಸಿಕೊಂಡು ಬಂದವಳು ಆ ಒಂದು ಪ್ರಕರಣದಲ್ಲಿ ಗೋಡೆಗೆ ಒರಗಿ ನೋಡುವವಳಾಗುತ್ತಾಳೆ.

ಆ ಮುಷ್ಟಿಯನ್ನು ಹೆಣ್ಣಿನ ಕೈಗೇ ಕೊಟ್ಟವನು ಪೀಟರ್ ಓಡೊನೆಲ್ (೧೯೨೦-೨೦೧೦). ಆತನ ಮಾಡೆಸ್ಟಿ ಬ್ಲೇಸ್ ೧೯೬೩ರ ಮೇ ತಿಂಗಳಲ್ಲಿ ಲಂಡನ್ನಿನ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಜಿಮ್ ಹಾಲ್ಡವೇ ಬರೆದ ಚಿತ್ರಗಳೊಡನೆ ಚಿತ್ರಕಥೆಯಾಗಿ ಕಾಣಿಸಿಕೊಂಡಳು. ಮೊದಲನೆಯ ಕಾದಂಬರಿ ೧೯೬೫ರಲ್ಲಿ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಸೈನಿಕನಾಗಿ ಪರ್ಷಿಯದ ಉತ್ತರಭಾಗದಲ್ಲಿದ್ದಾಗ ಕಂಡ ಒಬ್ಬಂಟಿ ನಿರಾಶ್ರಿತ ಬಾಲಕಿಯೇ ಈ ಪಾತ್ರಕ್ಕೆ ಮೂಲವೆಂದು ಆತನೇ ಹೇಳಿಕೊಂಡಿದ್ದಾನೆ. ಕಥೆಯ ಮಾಡೆಸ್ಟಿಯೂ ಅಂಥವಳೇ: ಹೆಸರಿಲ್ಲದೆ, ನೆನಪಿಲ್ಲದೆ ಅಲೆದ ಮಗು, ವೃದ್ಧ ವಿದ್ವಾಂಸನೊಬ್ಬನಿಂದ ಅಕ್ಷರ ಕಲಿತವಳು, ಟ್ಯಾಂಜಿಯರಿನಲ್ಲಿ ಅಪರಾಧಿಗಳ ದೊಡ್ಡ ಸಂಸ್ಥೆಯನ್ನು ಆಳಿ, ಸಂಪತ್ತನ್ನು ಗಳಿಸಿ, ನಿವೃತ್ತಳಾದವಳು. ಅವಳ ಒಡನಾಡಿ ವಿಲ್ಲಿ ಗಾರ್ವಿನ್ ಅವಳಿಗಾಗಿ ಪ್ರಾಣ ಕೊಡಬಲ್ಲ. ಆದರೆ ಅವರಿಬ್ಬರಲ್ಲಿ ಪ್ರಣಯಸಂಬಂಧವಿಲ್ಲ. ಪ್ರಿಯರು ಬರುತ್ತಾರೆ, ಹೋಗುತ್ತಾರೆ, ವಿಲ್ಲಿ ಉಳಿಯುತ್ತಾನೆ. ಗಂಡುಹೆಣ್ಣುಗಳ ನಡುವೆ ಸಮಾನರ ಮೈತ್ರಿಯನ್ನು ಇಷ್ಟು ಗೌರವದಿಂದ ಚಿತ್ರಿಸಿದ ಸಾಹಸಕಥೆ ಇಂಗ್ಲಿಷಿನಲ್ಲಿಯೂ ಬಹಳವಿಲ್ಲ. ೧೯೬೬ರಲ್ಲಿ ಜೋಸೆಫ್ ಲೋಸಿ ತೆಗೆದ ಚಲನಚಿತ್ರವು ಈ ಗೌರವವನ್ನು ಗೇಲಿಯಾಗಿ ಮಾರ್ಪಡಿಸಿತು. ಅದನ್ನು ನೋಡಿ ಮೂಲವನ್ನು ಅಳೆಯಬಾರದು.

ಗಮನಿಸಬೇಕಾದುದು ಇದು: ಓಡೊನೆಲ್ಲನು ತನಗರಿಯದೆಯೇ ಆನಂದವರ್ಧನನ ಪರಿಹಾರವನ್ನು ಅನುಸರಿಸಿದ್ದಾನೆ. ಉತ್ಸಾಹವೆಲ್ಲ ಮಾಡೆಸ್ಟಿಯಲ್ಲಿ, ಭಯವೆಲ್ಲ ಅವಳ ಶತ್ರುಗಳಲ್ಲಿ. ರಸವಿರೋಧ ಪರಿಹಾರವಾಯಿತು, ವೀರವು ನಿಷ್ಕಳಂಕವಾಗಿ ಬೆಳಗಿತು. ಶಂಕೆ ಮಾತ್ರ ಮಾಯವಾಯಿತು. ಶತ್ರು ಯಾರೆಂಬುದು ಅವಳಿಗೆ ಬಹುಮಟ್ಟಿಗೆ ಗೊತ್ತು, ವಿಲ್ಲಿಯನ್ನು ಶಂಕಿಸುವ ಪ್ರಶ್ನೆಯೇ ಇಲ್ಲ. ಅವಳು ಗೆಲ್ಲುವಳೆಂಬುದು ನಮಗೂ ಗೊತ್ತು. ಹೇಗೆ ಗೆಲ್ಲುವಳೆಂಬುದಷ್ಟೇ ಉಳಿಯುವ ಕೌತುಕ. ಅದು ಚದುರಂಗದ ಸಮಸ್ಯೆಯನ್ನು ಬಿಡಿಸುವಂಥ ಸುಖ. ಕೆಳದರ್ಜೆಯದಲ್ಲ, ಆದರೆ ಬೇರೆಯ ಸುಖ.

ಈ ಮಾತಿಗೆ ಓಡೊನೆಲ್ಲನ ಜೀವನದಲ್ಲಿಯೇ ಒಂದು ಪ್ರಮಾಣವಿದೆ. ೧೯೭೧ರಿಂದ ೧೯೮೬ರವರೆಗೆ ‘ಮ್ಯಾಡೆಲಿನ್ ಬ್ರೆಂಟ್’ ಎಂಬ ಹೆಂಗಸಿನ ಹೆಸರಿನಲ್ಲಿ ಒಂಬತ್ತು ಪ್ರಣಯ-ಕೌತುಕ ಕಾದಂಬರಿಗಳು ಪ್ರಕಟವಾದವು. ಬರೆದವನು ಆತನೇ, ಗುಟ್ಟನ್ನು ಬಹುಕಾಲ ಕಾಪಾಡಿಕೊಂಡಿದ್ದನು. ಮಾಡೆಸ್ಟಿಯ ಕಥೆಗಳನ್ನು ಪ್ರಥಮಪುರುಷದಲ್ಲಿ, ‘ಅವಳು’ ಎಂದು ಹೇಳಿದವನು ಇಲ್ಲಿ ‘ನಾನು’ ಎಂದು ಹೇಳಲಾರಂಭಿಸುತ್ತಾನೆ. ನಾಯಿಕೆಯರು ಆಗಲೂ ಗಟ್ಟಿಗರೇ. ‘ಮೂನ್‌ರೇಕರ್ಸ್ ಬ್ರೈಡ್’ (೧೯೭೩) ಕೃತಿಯ ಹುಡುಗಿ ಚೀನಾದೇಶದ ಮಿಷನ್ನಿನಲ್ಲಿ ಬೆಳೆದು, ತಾನೇ ಇನ್ನೂ ಚಿಕ್ಕವಳಾಗಿರುವಾಗ ಅನಾಥ ಮಕ್ಕಳ ಹೊಟ್ಟೆ ಹೊರೆಯುವ ಭಾರವನ್ನು ಹೊತ್ತವಳು. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನನ್ನು ಸೆರೆಮನೆಯಲ್ಲಿಯೇ ಮದುವೆಯಾಗುತ್ತಾಳೆ. ಅವಳ ಹೆಸರೂ ಲೂಸಿ ವೇರಿಂಗ್ ಎಂಬುದು ಮೇರಿ ಸ್ಟುವರ್ಟರನ್ನು ಓದಿದವರಿಗೆ ಒಡನೆಯೇ ಕಿವಿಗೆ ಬೀಳುತ್ತದೆ. ಇಂಗ್ಲೆಂಡಿಗೆ ಬಂದ ಮೇಲೆ ಅವಳಿಗೆ ಎದುರಾಗುವ ಪ್ರಶ್ನೆ ಬಲಾಬಲದ್ದಲ್ಲ, ಯಾರನ್ನು ನಂಬಬೇಕೆಂಬುದು. ಮಾಡೆಸ್ಟಿಯ ಸೃಷ್ಟಿಕರ್ತನು ಪ್ರಣಯವನ್ನು ಕಥೆಯ ನಡುವೆ ತರಬೇಕಾದಾಗ ಶಂಕೆಯನ್ನೂ ಮರಳಿ ತರಬೇಕಾಯಿತು.

ಉಳಿದುದು ಕೊನೆಯ ಅಧ್ಯಾಯದ ಸಮಸ್ಯೆ. ಅಪಾಯ ಕಳೆದ ಮೇಲೆ ನಾಯಿಕೆಯ ಸಾಮರ್ಥ್ಯವನ್ನು ಏನು ಮಾಡಬೇಕು? ನಮ್ಮ ದೇಶದ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಬಿ. ವೆಂಕಟಾಚಾರ್ಯರ ಕಾಲದಿಂದ ಕನ್ನಡಿಗರು ಆದರದಿಂದ ಓದಿಕೊಂಡು ಬಂದ ಬಂಕಿಮಚಂದ್ರರ ‘ದೇವೀ ಚೌಧುರಾಣಿ’ (೧೮೮೪) ಇದನ್ನೇ ಎತ್ತುತ್ತದೆ. ಅತ್ತೆಮನೆಯಿಂದ ತಳ್ಳಲ್ಪಟ್ಟ ಪ್ರಫುಲ್ಲ ಭವಾನೀ ಪಾಠಕನಲ್ಲಿ ವರ್ಷಗಟ್ಟಲೆ ಶಾಸ್ತ್ರವನ್ನೂ ಮಲ್ಲವಿದ್ಯೆಯನ್ನೂ ಕಲಿತು, ದರೋಡೆಗಾರರ ರಾಣಿಯಾಗಿ ಮೆರೆದು, ಕೊನೆಗೆ ಗಂಡನ ಮನೆಗೆ ಹಿಂದಿರುಗಿ ಕೊಳದ ಮೆಟ್ಟಿಲ ಮೇಲೆ ಪಾತ್ರೆ ಬೆಳಗುತ್ತಾಳೆ. ಬಂಕಿಮರ ದೃಷ್ಟಿಯಲ್ಲಿ ಅದು ನಿಷ್ಕಾಮಧರ್ಮದ ಸಿದ್ಧಿ, ಕಲಿತ ವಿದ್ಯೆಯ ಕಠಿನತಮ ಪರೀಕ್ಷೆ. ಆ ಧರ್ಮವಿಚಾರವನ್ನು ಒಪ್ಪದ ಓದುಗನಿಗೆ ಮಾತ್ರ ಅಪವ್ಯಯವೆಂದೇ ಕಾಣುತ್ತದೆ. ಆದರೂ ಬಂಕಿಮರು ಪ್ರಶ್ನೆಯನ್ನು ಎದುರಿಸಿದರು. ಕೊಳದ ಮೆಟ್ಟಿಲಿನಂಥ ಸಣ್ಣ ವಿವರಕ್ಕೂ ಇಳಿದು ತೋರಿಸಿದರು. ಮೇರಿ ಸ್ಟುವರ್ಟ್ ಪ್ರಣಯಿಗಳು ಕೈಹಿಡಿದೊಡನೆ ತೆರೆ ಎಳೆಯುತ್ತಾರೆ. ಚಾರಿಟಿ ಮುಂದೆ ಕಾರನ್ನು ನಡೆಸಿದಳೋ ಬೈರನ್ನನ ಪಕ್ಕದಲ್ಲಿ ಕುಳಿತಳೋ ಎಂಬುದು ನಮ್ಮ ಊಹೆಗೆ ಬಿಟ್ಟದ್ದು.

ತೆರೆಯನ್ನು ಎಳೆಯದೆ ಕಥೆಯನ್ನು ಮುಂದುವರಿಸಿದವರು ಅನಂತರದ ಲೇಖಕಿಯರು. ಈಜಿಪ್ಟಿನ ಪ್ರಾಚೀನಶಾಸ್ತ್ರದಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಿಂದ ೧೯೫೨ರಲ್ಲಿ ಡಾಕ್ಟರೇಟ್ ಪಡೆದ ಬಾರ್ಬರಾ ಮರ್ಟ್ಸ್, ‘ಎಲಿಜಬೆತ್ ಪೀಟರ್ಸ್’ ಎಂಬ ಹೆಸರಿನಿಂದ ೧೯೭೫ರಲ್ಲಿ ಅಮೀಲಿಯಾ ಪೀಬಡಿಯನ್ನು ಸೃಷ್ಟಿಸಿದರು. ಕೊಡೆಯನ್ನೇ ಆಯುಧವಾಗಿ ಹಿಡಿಯುವ ಈ ಮಹಿಳೆ ಮೊದಲ ಪುಸ್ತಕದಲ್ಲಿಯೇ ಮದುವೆಯಾಗಿ, ಮುಂದಿನ ಪುಸ್ತಕಗಳಲ್ಲಿ ಗಂಡನೊಡನೆ ಉತ್ಖನನ ಮಾಡುತ್ತ, ಕೊಲೆಗಾರರನ್ನು ಹಿಡಿಯುತ್ತ, ಅತಿಬುದ್ಧಿವಂತ ಮಗನೊಬ್ಬನನ್ನು ಸಾಕುತ್ತಾಳೆ. ಗಂಡನ ಹೆಸರು ರ‍್ಯಾಡ್‌ಕ್ಲಿಫ್ ಎಂದಿರುವುದನ್ನು ಯುಡಾಲ್ಫೊ ದುರ್ಗವನ್ನು ಬಲ್ಲವರು ಗಮನಿಸಿ ನಗಬಹುದು. ಆದರೆ ಇಲ್ಲಿ ಶಂಕೆಯ ಸ್ಥಾನವನ್ನು ಹಾಸ್ಯವು ಆಕ್ರಮಿಸಿದೆ.

ನೋರಾ ರಾಬರ್ಟ್ಸ್ ‘ಜೆ. ಡಿ. ರಾಬ್’ ಎಂಬ ಹೆಸರಿನಲ್ಲಿ ೧೯೯೫ರಲ್ಲಿ ಆರಂಭಿಸಿದ ಮಾಲಿಕೆಯ ನಾಯಿಕೆ ಈವ್ ಡಾಲಸ್, ಭವಿಷ್ಯತ್ಕಾಲದ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿಣಿ. ಮೊದಲ ಕಾದಂಬರಿಯಲ್ಲಿ ಅವಳು ಅನುರಕ್ತಳಾಗುವ ರೋರ್ಕ್ ಅವಳೇ ನಡೆಸುತ್ತಿರುವ ಕೊಲೆಯ ತನಿಖೆಯಲ್ಲಿ ಶಂಕಿತನು. ಲಿಂಡಾಳಿಗೆ ಅಂತರಂಗದ ಸಂಕಟವಾಗಿದ್ದುದು ಇವಳಿಗೆ ಸಂಬಳದ ಕರ್ತವ್ಯ. ಪ್ರಿಯನನ್ನು ಶಂಕಿಸದಿದ್ದರೆ ಅವಳು ಕೆಲಸಕ್ಕೆ ದ್ರೋಹ ಮಾಡಿದಂತೆ. ಮೂರನೆಯ ಪುಸ್ತಕದ ಹೊತ್ತಿಗೆ ಅವರಿಬ್ಬರ ಮದುವೆಯಾಗುತ್ತದೆ. ಆಮೇಲೆ ಐವತ್ತಕ್ಕೂ ಹೆಚ್ಚು ಕಾದಂಬರಿಗಳು ಬಂದಿವೆ. ಈವ್ ಅವುಗಳಲ್ಲಿ ಹಲವುಕಡೆ ಬೆಳಗಾಗುವ ಮೊದಲೇ ಎದ್ದು, ಗಂಡನನ್ನು ಮನೆಯಲ್ಲಿ ಬಿಟ್ಟು, ಹೆಣ ಬಿದ್ದ ಜಾಗಕ್ಕೆ ಹೋಗುತ್ತಾಳೆ. ಶಂಕೆ ಈಗ ಬೀದಿಯಲ್ಲಿದೆ.